ಅರುಷಾಕ್ಕೆ ಹೊರಡುವ ಮೊದಲು ಪಾವಗಡಕ್ಕೆ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ಉತ್ತರ ಟಾಂಜಾನಿಯಾದಲ್ಲಿ ಮೇರು ಎಂಬ ಪರ್ವತವಿದೆ. ಹೆಸರು ಕೇಳಿದರೆ ಕನ್ನಡಿಗರಿಗೆ ಪುರಾಣದ ಮೇರು ನೆನಪಾದೀತು. ಇದು ಮಾತ್ರ ಜ್ವಾಲಾಮುಖಿ, ಅರುಷಾ ಪಟ್ಟಣದ ನೆತ್ತಿಯ ಮೇಲೆ ನಿಂತಂತಿದೆ. ಅದರ ತಪ್ಪಲಲ್ಲಿ ಮಾಜಿ ಯಾ ಚಾಯ್ ಎಂಬ ಊರು. ಸ್ವಾಹಿಲಿಯಲ್ಲಿ ಮಾಜಿ ಎಂದರೆ ನೀರು, ಚಾಯ್ ಎಂದರೆ ನಮ್ಮ ಚಹಾವೇ. ಹೊಳೆಯ ನೀರಿನ ಬಣ್ಣದಿಂದ ಊರಿಗೆ ಆ ಹೆಸರು ಬಂತು. ಈ ಸೀಮೆಯ ಶಾಲೆಗಳಲ್ಲಿ ಮಕ್ಕಳು ಬಾಯ್ತುಂಬ ನಕ್ಕಾಗ ಎಷ್ಟೋ ಜನರ ಮುಂದಿನ ಹಲ್ಲುಗಳಲ್ಲೂ ಅದೇ ಚಹಾದ ಬಣ್ಣ ಕಾಣುತ್ತದೆ.

ಕಿಲಿಮಂಜಾರೊ ಹತ್ತುವವರು, ಸೆರೆಂಗೆಟಿಯ ಸಿಂಹ ನೋಡುವವರು ಬಂದಿಳಿಯುವುದು ಇಲ್ಲಿಗೇ. ಅವರಲ್ಲಿ ಕೆಲವರು ಪ್ರವಾಸದ ಜೊತೆಗೆ ಒಂದೆರಡು ವಾರ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸುತ್ತಾರೆ. ಒಳ್ಳೆಯ ಮನಸ್ಸಿನ ಕೆಲಸ. ಅಂಥ ತಂಡದಲ್ಲಿ ಕರ್ನಾಟಕದ ಯುವ ದಂತವೈದ್ಯೆಯೊಬ್ಬಳಿದ್ದಾಳೆ ಎಂದುಕೊಳ್ಳಿ. ತಮ್ಮ ವಿಶ್ವವಿದ್ಯಾಲಯದ ಬಿಡಿಎಸ್ ಪದವಿ ಅವಳದು, ಚೀಲದ ತುಂಬ ಹೊಸ ಬ್ರಷ್‌ಗಳು, ಕೈಯಲ್ಲಿ ದೊಡ್ಡ ಪ್ಲಾಸ್ಟಿಕ್ ದವಡೆಯ ಮಾದರಿ. ತರಗತಿಯಲ್ಲಿ ಅವಳು ಕಂದು ಹಲ್ಲಿನ ಹುಡುಗನೊಬ್ಬನನ್ನು ಮುಂದೆ ಕರೆದು, ಹಲ್ಲುಜ್ಜದಿದ್ದರೆ ಹೀಗಾಗುತ್ತದೆ ಎಂದು ಉಳಿದವರಿಗೆ ತೋರಿಸಿದಳೆನ್ನಿ. ಆ ಹುಡುಗ ತುಟಿ ಬಿಗಿದು ತನ್ನ ಜಾಗಕ್ಕೆ ಹೋಗಿ ಕೂರುತ್ತಾನೆ. ಅವಳು ಹೇಳಿದ್ದು ತಪ್ಪು. ಅವನು ದಿನಕ್ಕೆ ನಾಲ್ಕು ಸಲ ಉಜ್ಜಿದರೂ ಆ ಕಂದು ಬಣ್ಣ ಹೋಗದು.

ಅದು ಕುಡಿಯುವ ನೀರಿನಿಂದ ಬಂದದ್ದು. ಮೇರು, ಕಿಲಿಮಂಜಾರೊಗಳ ಜ್ವಾಲಾಮುಖಿ ಶಿಲೆಯಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಆ ನೀರಿನಲ್ಲಿ ಸೋಡಾದ ಅಂಶ ಹೆಚ್ಚು, ಸುಣ್ಣದ ಅಂಶ ಕಡಿಮೆ. ಹಾಗಾಗಿ ಫ್ಲೋರೈಡ್ ಗಸಿಯಾಗಿ ತಳಕ್ಕೆ ಕೂರದೆ ನೀರಿನಲ್ಲೇ ಕರಗಿ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅರುಷಾ ರಾಷ್ಟ್ರೀಯ ಉದ್ಯಾನದ ಮೊಮೆಲಾ ಸರೋವರಗಳಲ್ಲಿ ಅದು ನೂರಾರು ಮಿಲಿಗ್ರಾಂ ಇದೆ. ಅದನ್ನು ಯಾರೂ ಕುಡಿಯುವುದಿಲ್ಲ, ಆದರೆ ಸುತ್ತಲಿನ ಅನೇಕ ತೊರೆ, ಬಾವಿಗಳ ನೀರೂ ಮಿತಿಯನ್ನು ಮೀರಿದ್ದೇ. 1.5ರ ಮಿತಿಯನ್ನು ಪಾಲಿಸುವುದು ಎಷ್ಟು ಕಷ್ಟವಾಗಿತ್ತೆಂದರೆ, ಟಾಂಜಾನಿಯಾ ಬಹಳ ವರ್ಷ 4 ಮಿಲಿಗ್ರಾಂವರೆಗಿನ ನೀರನ್ನೂ ಕುಡಿಯಲು ಒಪ್ಪಿಕೊಂಡಿತ್ತು. ವಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಇಂಥ ನೀರು ಹೊಟ್ಟೆ ಸೇರಿದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಹೊರಗೆ ಬರುವ ಹೊತ್ತಿಗೇ ಕೆಲಸ ಕೆಟ್ಟಿರುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆಯೂ ಬಾಗಬಹುದು.

ಕುಲಪತಿಗಳೇ, ಇದನ್ನು ತಿಳಿಯಲು ಆ ಹುಡುಗಿ ಆಫ್ರಿಕಾದವರೆಗೆ ಹೋಗಬೇಕಿರಲಿಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಹಳ್ಳಿಗಳಲ್ಲಿ ಇದೇ ಕಂದು ಹಲ್ಲುಗಳಿವೆ. ಅಲ್ಲಿ ಜ್ವಾಲಾಮುಖಿಯ ಕಲ್ಲು, ಇಲ್ಲಿ ಗ್ರಾನೈಟ್ ಬಂಡೆ ಮತ್ತು ವರ್ಷ ವರ್ಷ ಆಳಕ್ಕಿಳಿಯುವ ಕೊಳವೆಬಾವಿ; ಹಲ್ಲಿಗಾಗುವ ಗತಿ ಒಂದೇ. ಕ್ಯಾಮೆರಾ ಕಂಡ ಕೂಡಲೇ ತುಟಿ ಮುಚ್ಚುವ, ಮದುವೆಯ ಮಾತು ಬಂದಾಗ ಹಲ್ಲಿನ ಬಗ್ಗೆ ಚುಚ್ಚುಮಾತು ಕೇಳುವ ಹೆಣ್ಣುಮಕ್ಕಳ ಸಂಕಟ ಪಾವಗಡದ ಯಾವ ತಾಯಿಗೂ ಹೊಸದಲ್ಲ. ಅಂಥ ಊರಿನಲ್ಲಿ ಹುಟ್ಟಿ ದಂತವೈದ್ಯೆಯಾದವಳು ಅರುಷಾದ ತರಗತಿಯಲ್ಲಿ ಆ ತಪ್ಪು ಮಾಡುವುದಿಲ್ಲ. ಹುಡುಗನ ಹಲ್ಲು ನೋಡಿದವಳೇ ಅವಳು ಮೊದಲು ಕೇಳುವುದು, ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು. ಈ ಪತ್ರದ ಬೇಡಿಕೆಯೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಪಾವಗಡದಿಂದ ಬಂದವಳಿಗೂ ಅಲ್ಲಿ ಹೊಸದಾಗಿ ಕಲಿಯಲು ಬೇಕಾದಷ್ಟಿದೆ. ಮಗಾಡಿ ಎಂಬ ವಸ್ತುವನ್ನೇ ನೋಡಿ. ನಮ್ಮಲ್ಲಿ ಕಾಳು ಬೇಗ ಬೇಯಲಿ ಎಂದು ಚಿಟಿಕೆ ಸೋಡಾ ಹಾಕುವಂತೆ, ಟಾಂಜಾನಿಯಾದ ಅಡುಗೆಮನೆಗಳಲ್ಲಿ ಮೆಕ್ಕೆಜೋಳ, ಅವರೆಜಾತಿಯ ಕಾಳು ಬೇಯಿಸಲು ಮಗಾಡಿ ಹಾಕುತ್ತಾರೆ. ಇದು ನೆಲದಿಂದ, ಸರೋವರದ ದಡದಿಂದ ಕೆರೆದು ತಂದ ಸೋಡಾ ಉಪ್ಪು. ಇದರಲ್ಲಿ ಫ್ಲೋರೈಡ್ ವಿಪರೀತ ಇರಬಹುದು. ನೀರಿನಲ್ಲಿ ಫ್ಲೋರೈಡ್ ಕಡಿಮೆಯಿರುವ ಊರುಗಳಲ್ಲೂ ಮಕ್ಕಳ ಹಲ್ಲು ಕಂದಾದದ್ದೇಕೆ ಎಂದು ಅಲ್ಲಿನ ಸಂಶೋಧಕರು ಹುಡುಕಿದಾಗ ಕೈ ತೋರಿದ್ದು ಈ ಮಗಾಡಿಯತ್ತ. ಬ್ರಷ್ ಹಿಡಿದು ತರಗತಿಗೆ ಹೋದವರಿಗೆ ಇದು ಕಾಣುವುದಿಲ್ಲ. ಒಲೆಯ ಮುಂದೆ ಕುಳಿತು ತಾಯಂದಿರ ಜೊತೆ ಮಾತಾಡಿದವರಿಗೆ ಕಾಣುತ್ತದೆ.

ಇನ್ನೊಂದು ಸಂಗತಿ ಹೇಳಲು ನೋವಾಗುತ್ತದೆ. ಪೂರ್ವ ಆಫ್ರಿಕಾದ ಕೆಲವೆಡೆ ಕೂಸಿಗೆ ಭೇದಿ, ಜ್ವರ ಬಂದರೆ ವಸಡಿನೊಳಗಿನ ಕೋರೆಹಲ್ಲಿನ ಮೊಳಕೆಯೇ ಕಾರಣವೆಂದು ನಂಬಿ ಅದನ್ನು ಬಗೆದು ತೆಗೆಸುತ್ತಾರೆ. ಟಾಂಜಾನಿಯಾದಲ್ಲಿ ಅದಕ್ಕೆ ಮೆನೊ ಯಾ ಪ್ಲಾಸ್ಟಿಕಿ, ಅಂದರೆ ಪ್ಲಾಸ್ಟಿಕ್ ಹಲ್ಲು, ಎಂಬ ಹೆಸರಿದೆ. ಸೋಂಕು ತಗಲಿ ಕೂಸಿನ ಜೀವಕ್ಕೇ ಅಪಾಯ ಬರಬಹುದು. ಹೊರಗಿನಿಂದ ಬಂದವರು ಇದನ್ನು ಕೇಳಿ ಹೌಹಾರಿ ಬೈದರೆ ತಾಯಿ ಮಾತು ನಿಲ್ಲಿಸುತ್ತಾಳೆ. ಕೂಸಿಗೆ ಬರೆ ಹಾಕಿಸುವ ಪದ್ಧತಿಯನ್ನು ಹತ್ತಿರದಿಂದ ಕಂಡ ನಮ್ಮ ನಾಡಿನ ವೈದ್ಯರಿಗೆ ಇಂಥ ಭಯದ ಬೇರು ಗೊತ್ತು. ಮಗು ಬದುಕಲಿ ಎಂಬ ತವಕದಲ್ಲಿ ಮಾಡಿದ್ದನ್ನು ಬೈಗುಳದಿಂದ ಬಿಡಿಸಲಾಗದು, ಭೇದಿಗೆ ಓಆರ್‌ಎಸ್ ಕೊಟ್ಟು ಕೂಸನ್ನು ಉಳಿಸಿಯೇ ಬಿಡಿಸಬೇಕು ಎಂಬುದೂ ಗೊತ್ತು.

ಭಾಷೆಯೂ ಕಲಿಸುತ್ತದೆ. ಸ್ವಾಹಿಲಿಯಲ್ಲಿ ಹಲ್ಲುಜ್ಜುವ ಬ್ರಷ್ಷಿಗೆ ಮ್ಸ್ವಾಕಿ ಎನ್ನುತ್ತಾರೆ. ಅದು ಅರಬ್ಬಿಯ ಮಿಸ್ವಾಕ್, ಜಗಿಯುವ ಕಡ್ಡಿಯ ಹೆಸರು. ನಮ್ಮ ಬೇವಿನ ಕಡ್ಡಿಯ ಹಾಗೆ ಅದೂ ಬ್ರಷ್ಷಿಗಿಂತ ಎಷ್ಟೋ ಹಳೆಯದು. ಪೇಸ್ಟಿಗೆ ದಾವಾ ಯಾ ಮೆನೊ, ಹಲ್ಲಿನ ಔಷಧ. ದಾವಾ ಎಂದೊಡನೆ ದವಾಖಾನೆ ಎನ್ನುವ ನಮ್ಮ ಉತ್ತರ ಕರ್ನಾಟಕದವರು ಅದನ್ನು ತಕ್ಷಣ ಗುರುತಿಸುತ್ತಾರೆ. ಸರ್ಕಾರಿ ಪ್ರಾಥಮಿಕ ಶಾಲೆಯ ಪಾಠ ನಡೆಯುವುದು ಸ್ವಾಹಿಲಿಯಲ್ಲಿ. ಇಂಥ ಐವತ್ತು ಪದ ಕಲಿಯದೆ ವಿಮಾನ ಹತ್ತುವವರು ಮಕ್ಕಳ ಮುಂದೆ ಮೂಕಾಭಿನಯ ಮಾಡಬೇಕಾಗುತ್ತದೆ.

ಅಲ್ಲಿನ ಜಾಣ ಮೇಷ್ಟ್ರೊಬ್ಬರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಮಕ್ಕಳ ಹಲ್ಲು ಕೆಡಿಸಿದ್ದು ಫ್ಲೋರೈಡ್ ಎನ್ನುತ್ತೀರಿ, ಪೇಸ್ಟಿನಲ್ಲಿ ಅದನ್ನೇ ಕೊಡುತ್ತೀರಿ, ಇದು ಹೇಗೆ? ಇದಕ್ಕೆ ಉತ್ತರ ಬಾಯಿಪಾಠವಾಗಿದ್ದರೆ ಸಾಲದು. ಎಳವೆಯಲ್ಲಿ ವರ್ಷಗಟ್ಟಲೆ ನುಂಗಿದ ಫ್ಲೋರೈಡ್ ರಕ್ತದ ಮೂಲಕ ಬೆಳೆಯುವ ಹಲ್ಲನ್ನು ಕೆಡಿಸುತ್ತದೆ; ಬೆಳೆದು ಹೊರಬಂದ ಹಲ್ಲಿನ ಮೇಲ್ಮೈಗೆ ಸೋಕುವ ಫ್ಲೋರೈಡ್ ಅದನ್ನು ಹುಳುಕಿನಿಂದ ಕಾಯುತ್ತದೆ. ಕಂದು ಹಲ್ಲೂ ಹುಳುಕಾಗಬಲ್ಲದು. ಆದ್ದರಿಂದ ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಪೇಸ್ಟ್, ನುಂಗದೆ ಉಗಿಯಬೇಕು, ನೀರನ್ನು ಮಾತ್ರ ಬೇರೆ ಕಡೆಯಿಂದ ತರಬೇಕು ಇಲ್ಲವೇ ಶೋಧಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನೀರನ್ನು ಶೋಧಿಸುವ ವಿಷಯದಲ್ಲಂತೂ ಭಾರತಕ್ಕೂ ಅರುಷಾಕ್ಕೂ ಹಳೆಯ ನಂಟಿದೆ. ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡ್ ತೆಗೆಯುವ, ನಮ್ಮ ನಲ್ಗೊಂಡದ ಹೆಸರು ಹೊತ್ತ ವಿಧಾನವನ್ನು ಅಲ್ಲಿನ ನ್ಗುರ್ಡೊಟೊ ಸಂಶೋಧನಾ ಕೇಂದ್ರ ಪರೀಕ್ಷಿಸಿತ್ತು. ದನದ ಮೂಳೆ ಸುಟ್ಟ ಇದ್ದಿಲಿನಿಂದ ನೀರು ಸೋಸುವುದನ್ನೂ ಆ ಕೇಂದ್ರ ಬೆಳೆಸಿದೆ.

ಇನ್ನು ಆ ಚೀಲದ ಬ್ರಷ್‌ಗಳ ವಿಚಾರ. ಹಂಚಿದ ಬ್ರಷ್ ಮೂರು ತಿಂಗಳಲ್ಲಿ ಸವೆಯುತ್ತದೆ; ಹಂಚಿದವರು ಎರಡು ವಾರದಲ್ಲಿ ವಾಪಸಾಗಿರುತ್ತಾರೆ. ಮತ್ತೆ ಬ್ರಷ್, ಪೇಸ್ಟ್ ಕೊಳ್ಳುವವರು ಯಾರು? ಫಿಲಿಪ್ಪೀನ್ಸ್‌ನಲ್ಲಿ 2006ರ ರಾಷ್ಟ್ರೀಯ ಸಮೀಕ್ಷೆ ಆರು ವರ್ಷದ ಮಕ್ಕಳಲ್ಲಿ ನೂರಕ್ಕೆ 97 ಜನರಿಗೆ ಹುಳುಕು ಹಲ್ಲಿದೆ ಎಂದು ತೋರಿಸಿತು. ಅಲ್ಲಿ ಬೆಳೆದ ಫಿಟ್ ಫಾರ್ ಸ್ಕೂಲ್ ಕಾರ್ಯಕ್ರಮ ಭಾಷಣವನ್ನು ನೆಚ್ಚಲಿಲ್ಲ. ಮಕ್ಕಳು ದಿನಾ ಶಾಲೆಯಲ್ಲೇ ನಲ್ಲಿಗಳ ಸಾಲಿನ ಮುಂದೆ ನಿಂತು ಸೋಪಿನಿಂದ ಕೈ ತೊಳೆದು, ಮೇಷ್ಟ್ರು ಹಾಕಿಕೊಟ್ಟ ಪೇಸ್ಟಿನಿಂದ ಒಟ್ಟಿಗೆ ಹಲ್ಲುಜ್ಜುವುದು, ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆ. ದಂತವೈದ್ಯರು ಅಲ್ಲಿ ನಿಲ್ಲಬೇಕಾಗಿಲ್ಲ. ಅದೇ ಮಾದರಿ ಕಾಂಬೋಡಿಯಾ, ಲಾವೋಸ್, ಇಂಡೋನೇಷ್ಯಾಗಳಿಗೂ ಹೋಯಿತು. ಸ್ಕಾಟ್ಲೆಂಡ್‌ನ ಶಿಶುವಿಹಾರಗಳಲ್ಲಿ ಶಿಕ್ಷಕಿಯರ ಕಣ್ಣೆದುರು ಮಕ್ಕಳು ದಿನಾ ಹಲ್ಲುಜ್ಜತೊಡಗಿದ ಮೇಲೆ, ಐದು ವರ್ಷದ ಮಕ್ಕಳ ದಂತಚಿಕಿತ್ಸೆಯ ವೆಚ್ಚ ಹತ್ತು ವರ್ಷದೊಳಗೆ ಅರ್ಧಕ್ಕಿಂತ ಕೆಳಗಿಳಿಯಿತು. ಎರಡೂ ಕಡೆ ಫಲ ಕೊಟ್ಟದ್ದು ಪ್ರತಿದಿನದ ರೂಢಿ. ಅದನ್ನು ಊರಿನಲ್ಲೇ ಉಳಿಯುವವರು ಮಾತ್ರ ನಡೆಸಬಲ್ಲರು.

ಟಾಂಜಾನಿಯಾದಲ್ಲೇ ಇದಕ್ಕೆ ದಾರಿ ತೋರಿದವರಿದ್ದಾರೆ. ಬ್ರಿಟನ್ನಿನ ಬ್ರಿಡ್ಜ್‌ಟುಏಯ್ಡ್ ಸಂಸ್ಥೆ ಅಲ್ಲಿಗೆ ಕರೆದೊಯ್ದ ದಂತವೈದ್ಯರು ಹಳ್ಳಿಯ ಕ್ಲಿನಿಕಲ್ ಆಫೀಸರ್‌ಗಳೆಂಬ ಆರೋಗ್ಯ ಸಿಬ್ಬಂದಿಗೆ ನೋವಿನ ಹಲ್ಲನ್ನು ಸುರಕ್ಷಿತವಾಗಿ ಕೀಳುವುದನ್ನು ಕಲಿಸಿ ಬಂದರು. ವಿದೇಶಿಯರು ಹೊರಟ ಮರುದಿನವೂ ಆ ಊರಿನಲ್ಲಿ ಹಲ್ಲುನೋವಿಗೆ ಮದ್ದು ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ಆಫ್ರಿಕಾ ವಲಯದಲ್ಲಿ ಲಕ್ಷ ಜನರಿಗೆ ಸುಮಾರು ಮೂವರು ದಂತವೈದ್ಯರು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಟಾಂಜಾನಿಯಾ ಕೇವಲ ಕೈಯೊಡ್ಡುವ ದೇಶ ಎಂದು ನಮ್ಮ ವಿದ್ಯಾರ್ಥಿಗಳು ತಿಳಿಯಬಾರದು. ಡ್ರಿಲ್ ಇಲ್ಲದೆ, ಕರೆಂಟಿಲ್ಲದೆ ಕೈ ಉಪಕರಣದಿಂದಲೇ ಹುಳುಕು ಕೆರೆದು ತುಂಬುವ ಎಆರ್‌ಟಿ ವಿಧಾನ 1980ರ ದಶಕದ ಮಧ್ಯದಲ್ಲಿ ಮೊದಲು ರೂಪುಗೊಂಡದ್ದು ಅಲ್ಲೇ, ದಾರ್ ಎಸ್ ಸಲಾಂನ ದಂತವೈದ್ಯಕೀಯ ಶಾಲೆಯ ಕಾರ್ಯಕ್ರಮವೊಂದರಲ್ಲಿ. ಇಂದು ಜಗತ್ತೇ ಅದನ್ನು ಬಳಸುತ್ತಿದೆ.

ಕಾನೂನಿನ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. ಪ್ರವಾಸಿ ವೀಸಾದಲ್ಲಿ ಅಲ್ಲಿ ಸ್ವಯಂಸೇವೆ ಮಾಡುವಂತಿಲ್ಲ, ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ರೋಗಿಯ ಬಾಯಿಗೆ ಕೈ ಹಾಕಬೇಕಾದರೆ ಅಲ್ಲಿನ ಟಾಂಗನ್ಯಿಕಾ ವೈದ್ಯಕೀಯ ಮಂಡಳಿಯ ನೋಂದಣಿಯೂ ಬೇಕು. ನಮ್ಮೂರಿನಲ್ಲಿ ನೋಂದಣಿಯಿಲ್ಲದ ವಿದೇಶಿಯೊಬ್ಬ ಹಲ್ಲು ಕೀಳಲು ಕುಳಿತರೆ ನಾವು ಸುಮ್ಮನಿರುತ್ತೇವೆಯೇ?

ಈ ಪತ್ರ ವಿಶ್ವವಿದ್ಯಾಲಯದ ಮೇಲಿನ ದೂರಲ್ಲ. ತಮ್ಮ ಅಧೀನದ ದಂತವೈದ್ಯಕೀಯ ಕಾಲೇಜುಗಳಲ್ಲಿ ಸಮುದಾಯ ದಂತ ಆರೋಗ್ಯದ ವಿಭಾಗಗಳಿವೆ, ಇಂಟರ್ನ್‌ಗಳಿಗೆ ಅಲ್ಲಿ ಪಾಳಿಯಿದೆ, ಶಾಲಾ ತಪಾಸಣಾ ಶಿಬಿರಗಳೂ ನಡೆಯುತ್ತವೆ. ಆ ಬುನಾದಿಯ ಮೇಲೆ ಒಂದು ಸಣ್ಣ ಕೋರ್ಸನ್ನು ಕಟ್ಟಲು ತಮಗೆ ಅಧಿಕಾರವೂ ಇದೆ, ಅಧ್ಯಾಪಕರೂ ಇದ್ದಾರೆ. ರಜೆಯಲ್ಲೋ ಪ್ರವಾಸದಲ್ಲೋ ಹೊರದೇಶದ ಮಕ್ಕಳಿಗೆ ಹಲ್ಲಿನ ಆರೈಕೆ ಕಲಿಸಬೇಕೆಂದಿರುವ ಯುವ ದಂತವೈದ್ಯರು ಹೊರಡುವ ಮೊದಲು ಒಂದು ತಿಂಗಳು ಪಾವಗಡದಂಥ ತಾಲ್ಲೂಕಿನಲ್ಲಿ ಇರಲಿ. ಕೊಳವೆಬಾವಿಯ ನೀರನ್ನು ತಾವೇ ಪರೀಕ್ಷಿಸಲಿ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಕೆಟ್ಟು ನಿಂತ ದಿನ ಮನೆಯವರು ಏನು ಕುಡಿಯುತ್ತಾರೆ ಎಂದು ನೋಡಲಿ. ಒಂದು ಸರ್ಕಾರಿ ಶಾಲೆಯ ಮೇಷ್ಟ್ರು, ಬಿಸಿಯೂಟದ ಅಡುಗೆಯವರು, ಆಶಾ ಕಾರ್ಯಕರ್ತೆಯರ ಜೊತೆ ಸೇರಿ ದಿನದ ಹಲ್ಲುಜ್ಜುವಿಕೆಯನ್ನು ಶುರು ಮಾಡಲಿ. ತಾವು ಹೊರಟುಬಂದ ಆರು ತಿಂಗಳ ನಂತರ ಮತ್ತೆ ಹೋಗಿ, ಅದು ನಡೆಯುತ್ತಿದೆಯೇ ಎಂದು ಲೆಕ್ಕ ಹಾಕಿ ವರದಿ ಬರೆಯಲಿ. ಆ ವರದಿ ಒಪ್ಪಿಗೆಯಾದವರಿಗೆ ಮಾತ್ರ ವಿಶ್ವವಿದ್ಯಾಲಯದ ಹೆಸರಿನಲ್ಲಿ ಹೊರದೇಶಕ್ಕೆ ಹೋಗಲು ಪತ್ರ ಕೊಡಿ. ಹೋಗುವ ದೇಶದ ದಂತವೈದ್ಯರನ್ನು ಮೊದಲೇ ಸಂಪರ್ಕಿಸಿ, ಅವರು ಕೇಳಿದ ಕೆಲಸವನ್ನಷ್ಟೇ ಒಪ್ಪಿಕೊಳ್ಳುವ ನಿಯಮವನ್ನೂ ಮಾಡಿ.

ಹಾಗೆ ಹೋದವಳು ಮಾಜಿ ಯಾ ಚಾಯ್‌ನ ಆ ಹುಡುಗನಿಗೆ, ಇದು ನಿನ್ನ ತಪ್ಪಲ್ಲ, ನಮ್ಮೂರಿನಲ್ಲೂ ಹೀಗೇ ಇದೆ ಎಂದು ಅವನದೇ ಭಾಷೆಯಲ್ಲಿ ಹೇಳಬಲ್ಲಳು. ಮುಂದಿನ ಇಂಟರ್ನ್ ತಂಡದಿಂದಲೇ ಇದನ್ನು ಶುರು ಮಾಡಬೇಕೆಂದು ತಮ್ಮಲ್ಲಿ ವಿನಂತಿ.