ಮೊದಲ ವಾಕ್ಚಿತ್ರ ಮತ್ತು ನೆಲ್ಲೂರಿನ ನಿರ್ದೇಶಕ

1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರ. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ ಅಭಿನಯಿಸಿದುದನ್ನು ಹಲವರು ಬಲ್ಲರು. ಅದನ್ನು ನಿರ್ದೇಶಿಸಿ, ಲಕ್ಷ್ಮಣನ ಪಾತ್ರವನ್ನೂ ವಹಿಸಿದ ವೈ. ವಿ. ರಾವ್ ಅವರ ಹೆಸರು ಮಾತ್ರ ಒಂದಂಕದ ಪ್ರಶ್ನೆಯ ಉತ್ತರವಾಗಿಯಷ್ಟೇ ಉಳಿದಿದೆ. ಇದು ನ್ಯಾಯವಲ್ಲ.

1903ರಲ್ಲಿ ನೆಲ್ಲೂರಿನಲ್ಲಿ ಜನಿಸಿದ ಯರಗುಡಿಪಾಟಿ ವರದರಾವ್ ಮೂಕಿಚಿತ್ರಗಳ ನಟರಾಗಿ ಪಳಗಿದವರು. ಗುಬ್ಬಿ ವೀರಣ್ಣನವರು ಅಭಿನಯಿಸಿದ ‘ಹರಿಮಾಯಾ’ ಎಂಬ ಮೂಕಿಚಿತ್ರವನ್ನು ನಿರ್ದೇಶಿಸಿದವರೂ ಅವರೇ. ‘ಸತಿ ಸುಲೋಚನಾ’ದ ಬಳಿಕ ತಮಿಳಿನಲ್ಲಿ ಅವರು ಮಾಡಿದ ‘ಚಿಂತಾಮಣಿ’ (1937) ಒಂದು ವರ್ಷಕ್ಕೂ ಮಿಕ್ಕಿ ಓಡಿತು. ತೆಲುಗಿನ ‘ಮಳ್ಳಿ ಪೆಳ್ಳಿ’ (1939) ವಿಧವಾವಿವಾಹವನ್ನು ಎತ್ತಿಹಿಡಿಯಿತು. ಅದರ ನಿರ್ಮಾಪಕ, ನಿರ್ದೇಶಕ, ನಾಯಕ ಮೂವರೂ ಅವರೇ. ಪುರಾಣದಿಂದ ಸಮಕಾಲೀನ ಸಮಾಜದತ್ತ ಐದೇ ವರ್ಷಗಳಲ್ಲಿ ನಡೆದ ಈ ಪಯಣ ಸಾಮಾನ್ಯವಾದುದಲ್ಲ.

‘ಸತಿ ಸುಲೋಚನಾ’ಕ್ಕೆ ಬಂಡವಾಳ ಹೂಡಿದವರು ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ, ಚಿತ್ರೀಕರಣ ನಡೆದುದು ಮರಾಠಿ ನೆಲದ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಹಣ, ಯಂತ್ರ, ನಿರ್ದೇಶಕ ಎಲ್ಲವೂ ಹೊರಗಿನಿಂದ ಬಂದುವೆಂದು ಕೆಲವರು ಸಂಕೋಚಪಡುವುದುಂಟು. ಆದರೆ ಮಾತು, ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಅವಕ್ಕೆ ಕಂಠ ಕೊಟ್ಟವರು ಕನ್ನಡ ವೃತ್ತಿರಂಗಭೂಮಿಯ ಕಲಾವಿದರು. ಮೇಲಾಗಿ, ಇಂಥ ಕೊಡುಕೊಳೆ ಕನ್ನಡಕ್ಕೆ ಹೊಸದಲ್ಲ. ಆದಿಕವಿ ಪಂಪನ ಪೂರ್ವಜರು ವೆಂಗಿಯವರು. ಅವನಿಗೆ ಆಶ್ರಯವಿತ್ತುದು ಇಂದು ತೆಲಂಗಾಣದಲ್ಲಿರುವ ವೇಮುಲವಾಡ. ಪಂಪನನ್ನು ಹೆಮ್ಮೆಯಿಂದ ಓದುವವರು ವರದರಾಯರನ್ನು ಹೊರಗಿನವರೆನ್ನುವುದು ಹೇಗೆ? ಬೆಳುಗುಪ್ಪ, ಕಲ್ಯಾಣದುರ್ಗಗಳ ಸೀಮೆಯಲ್ಲಿ ಎರಡು ನುಡಿಗಳ ನಡುವೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾಗಿ ಸಂಕೋಚಪಡಬೇಕಾದ ಸಂಗತಿ ಬೇರೆಯೇ ಇದೆ. ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಸಾವಿರ ವರ್ಷಗಳ ಹಿಂದಿನ ಕಾವ್ಯವನ್ನು ತಾಳೆಗರಿಯಿಂದ ಉಳಿಸಿಕೊಂಡ ನಾಡು, ನೂರು ವರ್ಷವೂ ತುಂಬದ ಚಿತ್ರವನ್ನು ಕಳೆದುಕೊಂಡಿತು. ಚಿತ್ರವೆಂದರೆ ಮನರಂಜನೆ, ಪಠ್ಯವಲ್ಲ ಎಂಬ ಉಪೇಕ್ಷೆಯೂ ಇದಕ್ಕೆ ಕಾರಣ. ಗ್ರಂಥಸಂಪಾದನೆಯನ್ನು ಅಭ್ಯಸಿಸುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಓಲೆಗರಿಗೆ ತೋರುವ ಶ್ರದ್ಧೆಯನ್ನೇ ಹಳೆಯ ಚಿತ್ರಗಳ ಹಾಡಿನ ಪುಸ್ತಕ, ಕರಪತ್ರ, ಧ್ವನಿಮುದ್ರಿಕೆಗಳಿಗೂ ತೋರಬೇಕು. ಅಂಥವು ಇನ್ನೂ ಎಷ್ಟೋ ಮನೆಗಳ ಅಟ್ಟದ ಮೇಲಿರಬಹುದು. ಗೆದ್ದಲಿಗಿಂತ ಮೊದಲು ವಿದ್ಯಾರ್ಥಿಗಳ ಕೈ ಅವುಗಳನ್ನು ಮುಟ್ಟಲಿ.