ತಪ್ಪು ಮಗುವಿನದೇ ಆಗಿರಲಿ

ಇನ್ನೂ ಓದಲು ಬಾರದ ಮಗುವಿಗೆ ಪ್ರೋಗ್ರಾಮಿಂಗ್ ಏಕೆ? ಮುಂದಿನ ನೌಕರಿಗಾಗಿ ಎನ್ನುವುದಾದರೆ ಬೇಡವೇ ಬೇಡ. ಆದರೆ ತಾನು ಯೋಚಿಸಿದ್ದನ್ನು ಕಣ್ಣೆದುರು ನಡೆಸಿ ನೋಡುವುದು, ಅದು ಎಲ್ಲಿ ಎಡವಿತೆಂದು ತಾನೇ ಹುಡುಕುವುದು ಐದು ವರ್ಷದ ಮಗುವಿಗೂ ದಕ್ಕಬೇಕಾದ ಸುಖ. ಅದಕ್ಕೆ ಒದಗುವ ಸಾಧನದ ಯೋಗ್ಯತೆ ತಿಳಿಯುವುದು, ಮಗುವಿನ ತಪ್ಪನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರಿಂದ.

1967ರಲ್ಲಿ ಸಿಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗೆಂದೇ ಲೋಗೊ ಭಾಷೆಯನ್ನು ರೂಪಿಸಿದರು. ಕೊಟ್ಟ ಆಜ್ಞೆಯಂತೆ ಚಲಿಸುವ, ಆಮೆ ಎಂದು ಕರೆಯುವ ಅದರ ಪುಟ್ಟ ಸಾಧನ ದಾರಿ ತಪ್ಪಿದರೆ ಮಗು ಎದ್ದು, ತಾನೇ ಆಮೆಯಾಗಿ ನಡೆದು, ತಿರುವು ಎಲ್ಲಿ ಕೆಟ್ಟಿತೆಂದು ಕಂಡುಕೊಳ್ಳಬಹುದಿತ್ತು. ಆದರೆ ಆಜ್ಞೆಗಳನ್ನು ಟೈಪ್ ಮಾಡಬೇಕಿತ್ತು. ಒಂದಕ್ಷರ ತಪ್ಪಿದರೂ ಆಮೆ ಅಲುಗದು. ಅದು ಯೋಚನೆಯ ತಪ್ಪಲ್ಲ, ಕಾಗುಣಿತದ್ದು.

ಈ ಎರಡು ಬಗೆಯ ತಪ್ಪುಗಳನ್ನು ಬೇರ್ಪಡಿಸುವುದರಲ್ಲೇ ವಿನ್ಯಾಸಕಾರರ ಜಾಣ್ಮೆಯಿದೆ. 1970ರ ದಶಕದಲ್ಲಿ ಎಂಐಟಿಯಲ್ಲಿ ರೇಡಿಯಾ ಪರ್ಲ್‌ಮನ್ ಕೀಲಿಮಣೆಯನ್ನೇ ಬಿಟ್ಟು, ಶಾಲೆಗೆ ಹೋಗದ ಪುಟಾಣಿಗಳಿಗಾಗಿ ಗುಂಡಿಗಳನ್ನೂ ಸಾಲಾಗಿ ಸಿಕ್ಕಿಸುವ ಚಿತ್ರದ ಕಾರ್ಡುಗಳನ್ನೂ ತಂದರು. ಆಮೆ ಯಾವ ಕಾರ್ಡಿನ ಆಜ್ಞೆಯನ್ನು ಪಾಲಿಸುತ್ತಿದೆಯೋ ಅದರ ಬಳಿ ದೀಪ ಹೊತ್ತುತ್ತಿತ್ತು. 2014ರಲ್ಲಿ ಬಂದ ಸ್ಕ್ರ್ಯಾಚ್‌ಜೂನಿಯರ್ ಎಂಬ ಆ್ಯಪ್ ಐದರಿಂದ ಏಳು ವರ್ಷದವರಿಗಾಗಿ ಅದೇ ಹಾದಿ ಹಿಡಿಯಿತು. ಅಲ್ಲಿನ ಆಜ್ಞೆಗಳು ಚಿತ್ರದ ತುಂಡುಗಳು. ಒಂದಕ್ಕೊಂದು ಕೂಡುವ ಅಂಚುಗಳಿರುವುದರಿಂದ ವ್ಯಾಕರಣ ಕೆಡುವ ಮಾತೇ ಇಲ್ಲ. ದೂರವನ್ನು ಚೌಕಗಳಲ್ಲಿ ಎಣಿಸಬಹುದು. ಆದರೂ ಪರದೆಯ ಬೆಕ್ಕನ್ನು ಮನೆಗೆ ತಲುಪಿಸಲು ಮೂರು ಚೌಕ ಸಾಕಾದಲ್ಲಿ ಐದು ಎಂದು ಕೊಟ್ಟರೆ ಅದು ಮನೆ ದಾಟಿ ಹೋಗಿಯೇ ತೀರುತ್ತದೆ. ಆ ತಪ್ಪನ್ನು ಯಾರೂ ಅಳಿಸಿಲ್ಲ, ಅಳಿಸಲೂಬಾರದು.

ಇಂದಿನ ಹಲವು ಕೋಡಿಂಗ್ ಆಟಗಳು ಮಾಡುವುದು ಇದರ ತದ್ವಿರುದ್ಧ. ಪ್ರತಿ ಹಂತಕ್ಕೂ ಒಂದೇ ಸರಿ ಉತ್ತರ. ತಡವರಿಸಿದರೆ ಬಾಣದ ಗುರುತು, ಗುರಿ ಮುಟ್ಟಿದರೆ ನಕ್ಷತ್ರ. ಸೋತರೆ ಪುಟ್ಟ ಮಗು ನೊಂದುಕೊಳ್ಳುತ್ತದೆ, ಆಸರೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆದರೆ ಉತ್ತರ ಹೇಳುವುದು ಆಸರೆಯಲ್ಲ. ನಡೆದದ್ದನ್ನು ನಿಧಾನವಾಗಿ ಮತ್ತೆ ತೋರಿಸುವುದು, ಬದಲಿಸಿ ನೋಡಲು ಬಿಡುವುದು ಆಸರೆ. ಪರ್ಲ್‌ಮನ್ ಅವರ ದೀಪ ಮಾಡಿದ್ದು ಅಷ್ಟನ್ನೇ.

ಇದಕ್ಕೆ ಪರದೆಯೇ ಬೇಕೆಂದಿಲ್ಲ. ಕೀಬೊ ಎಂಬ ರೋಬೋಟ್ ಮರದ ತುಂಡುಗಳ ಮೇಲಿನ ಬಾರ್‌ಕೋಡ್ ಓದಿ ನಡೆಯುತ್ತದೆ. ಸಾಧನ ಯಾವುದೇ ಇರಲಿ, ಕೊಳ್ಳುವ ಮುನ್ನ ಶಾಲೆಗಳೂ ಪೋಷಕರೂ ನೋಡಬೇಕಾದದ್ದು ಇಷ್ಟೇ: ಮಗು ಇದರಲ್ಲಿ ತನ್ನದೇ ಆದ ತಪ್ಪು ಮಾಡಬಲ್ಲದೇ, ಅದನ್ನು ತಾನೇ ತಿದ್ದಬಲ್ಲದೇ? ಇಲ್ಲವೆಂದಾದರೆ ಅದು ಕಲಿಸುವುದು ಹೇಳಿದಂತೆ ಕೇಳುವುದನ್ನು, ಯೋಚಿಸುವುದನ್ನಲ್ಲ.