ವೈದ್ಯವಿದ್ಯೆಯೂ ಕಥಾವ್ಯಸನವೂ

ಮನೆಯ ಮಗನಾಗಲಿ ಮಗಳಾಗಲಿ ವೈದ್ಯವಿದ್ಯೆಗೆ ಹೋಗತಕ್ಕದ್ದೆಂದು ನಿಶ್ಚಯವಾದೊಡನೆ ಆ ಮನೆಯಲ್ಲಿ ಮೊದಲು ದಂಡನೆಗೆ ಗುರಿಯಾಗುವುವು ಕಥೆ ಕಾದಂಬರಿಗಳು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ವಿದ್ಯಾವಂತರ ಮನೆಗಳಲ್ಲಿ ಇದು ಈಗ ಒಂದು ಸಂಸ್ಕಾರವಿಧಿಯಂತೆಯೇ ನಡೆದುಬರುತ್ತಿದೆ. ಹತ್ತನೆಯ ತರಗತಿಯವರೆಗೆ ಮಗು ಕಾರಂತರನ್ನೋ ತ್ರಿವೇಣಿಯವರನ್ನೋ ಓದಿದರೆ ತಾಯಿತಂದೆಗಳು ಬಂದವರೆದುರಿಗೆ ಹೇಳಿಕೊಂಡು ಹಿಗ್ಗುತ್ತಾರೆ. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ತೆಗೆದುಕೊಂಡ ಮರುದಿನ ಅದೇ ಪುಸ್ತಕ ಅದೇ ಕೈಯಲ್ಲಿ ಕಂಡರೆ ಅದು ವ್ಯಸನವೆನಿಸಿಕೊಳ್ಳುತ್ತದೆ. "ಸೀಟು ಸಿಗಲಿ ಮಗೂ, ಆಮೇಲೆ ಏನು ಬೇಕಾದರೂ ಓದಿಕೊ" ಎಂದು ಅಪ್ಪಣೆಯಾಗುತ್ತದೆ. ಸೀಟು ಸಿಕ್ಕಿದ ಮೇಲೆ ಎಂ.ಬಿ.ಬಿ.ಎಸ್. ಮುಗಿಯಲಿ ಎಂದೂ, ಅದು ಮುಗಿದ ಮೇಲೆ ಸ್ನಾತಕೋತ್ತರ ಪದವಿ ಬರಲಿ ಎಂದೂ, ಅದೂ ಬಂದ ಮೇಲೆ ನರ್ಸಿಂಗ್ ಹೋಮಿನ ಸಾಲ ತೀರಲಿ ಎಂದೂ ಆ 'ಆಮೇಲೆ' ಮುಂದುಮುಂದಕ್ಕೆ ಸರಿಯುತ್ತಲೇ ಇರುತ್ತದೆ. ನಲವತ್ತನೆಯ ವಯಸ್ಸಿನಲ್ಲಿ ಬಿಡುವು ದೊರೆತಾಗ ಓದುವ ಕಣ್ಣು ಉಳಿದಿರುತ್ತದೆ, ಓದುವ ಮನಸ್ಸು ಉಳಿದಿರುವುದಿಲ್ಲ. ಉಪಯೋಗಿಸದ ಅಂಗವು ಕೃಶವಾಗುವುದೆಂಬುದನ್ನು ವೈದ್ಯರಿಗೆ ಅನ್ಯರು ಬೋಧಿಸಬೇಕಾದುದಿಲ್ಲ.

ವೈದ್ಯವಿದ್ಯೆಗೂ ಕಥಾಪ್ರೀತಿಗೂ ಸಹಜವಾದ ವೈರವಿಲ್ಲ. ಈ ವೈರವನ್ನು ಹುಟ್ಟಿಸಿದವರು ಗೃಹಸ್ಥರೇ ಹೊರತು ವೈದ್ಯಶಾಸ್ತ್ರವಲ್ಲ. ಇದರಿಂದ ಸಾಹಿತ್ಯಕ್ಕೆ ಆಗುವ ನಷ್ಟ ಅಲ್ಪ. ಒಬ್ಬ ವಾಚಕನು ಕಡಮೆಯಾದರೆ ಕಾದಂಬರಿಯೇನೂ ಸಾಯುವುದಿಲ್ಲ. ಕೆಡುವವನು ವೈದ್ಯ, ಅವನ ಮುಂದೆ ಕುಳಿತ ರೋಗಿ.

ಪೂರ್ವಪಕ್ಷದ ಮೊದಲನೆಯ ಅಸ್ತ್ರ ಅಂಕಗಳ ಲೆಕ್ಕ. ಪಿ.ಯು.ಸಿ.ಯ 600 ಅಂಕಗಳಲ್ಲಿ ಎರಡು ಭಾಷೆಗಳಿಗೆ 200 ಅಂಕಗಳುಂಟು. ಆದರೆ ವೈದ್ಯಕೀಯ ಪ್ರವೇಶವನ್ನು ನಿರ್ಣಯಿಸುವ ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ಭೌತಶಾಸ್ತ್ರಕ್ಕೆ 180, ರಸಾಯನಶಾಸ್ತ್ರಕ್ಕೆ 180, ಜೀವಶಾಸ್ತ್ರಕ್ಕೆ 360 ಹೋಗಿ ಭಾಷೆಗೆ ಉಳಿಯುವುದು ಸೊನ್ನೆ. ಆದುದರಿಂದ ಭಾಷೆಯೂ ಸೊನ್ನೆಯೆಂದು ಮನೆಮನೆಯಲ್ಲಿ ಸಿದ್ಧಾಂತವಾಗಿದೆ. ಸಂಸ್ಕೃತವನ್ನು ಆರಿಸಿಕೊಳ್ಳುವವರು ಬಹುಮಂದಿ ಇರುವರಲ್ಲ ಎಂದು ಯಾರಾದರೂ ಸಮಾಧಾನಪಟ್ಟುಕೊಂಡಾರು. ಅವರಲ್ಲಿ ಅನೇಕರು ಆರಿಸುವುದು ಅಂಕಗಳನ್ನು, ಸಂಸ್ಕೃತವನ್ನಲ್ಲ. ಪರೀಕ್ಷೆಯ ಮರುವಾರ ರಾಮಶಬ್ದವೂ ಮರೆತುಹೋಗಿರುತ್ತದೆ. ಇತ್ತ ಸರ್ಕಾರದ ನಡೆಯನ್ನು ನೋಡಿದರೆ, 2019ರಿಂದ ಜಾರಿಗೆ ಬಂದ ಹೊಸ ವೈದ್ಯಕೀಯ ಪಠ್ಯಕ್ರಮವು ಮೊದಲ ವರ್ಷದ ಆರಂಭದಲ್ಲಿಯೇ ಸ್ಥಳೀಯ ಭಾಷೆಯ ಶಿಕ್ಷಣವನ್ನು ಇಟ್ಟಿದೆ. ರೋಗಿಯೊಡನೆ ಮಾತನಾಡುವ ಕ್ರಮವನ್ನೂ ಬೋಧಿಸಬೇಕೆಂದು ವಿಧಿಸಿದೆ. ಎರಡು ವರ್ಷ ಶ್ರಮಪಟ್ಟು ಮಗುವಿನಿಂದ ಮರೆಸಿದ ಭಾಷೆಯನ್ನು ಕಾಲೇಜಿನವರು ಕೆಲವು ದಿನಗಳಲ್ಲಿ ಮರಳಿ ಕಲಿಸಬೇಕಾಗಿದೆ!

ಕಾವ್ಯಾಲಾಪವು ವರ್ಜ್ಯವೆಂಬ ಹಳೆಯ ನಿಷೇಧವನ್ನು ತೋರಿಸಿ, ನಮ್ಮ ಪ್ರಾಚೀನರ ಮತವೂ ಇದೇ ಎನ್ನುವ ಮಹಾಶಯರುಂಟು. ಅವರು ಆಯುರ್ವೇದಗ್ರಂಥಗಳನ್ನು ತೆರೆದು ನೋಡಿದಂತಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನವು ಒಂದೇ ಶಾಸ್ತ್ರಕ್ಕೆ ಕಟ್ಟುಬಿದ್ದವನನ್ನು ವೈದ್ಯನೆಂದು ಒಪ್ಪದೆ ಬಹುಶ್ರುತತ್ವವನ್ನು ಬಯಸುತ್ತದೆ. ಗಾಯಗೊಂಡವನ ಉಪಚಾರವನ್ನು ಹೇಳುವ ಅಧ್ಯಾಯದಲ್ಲಿ, ಮಿತ್ರರು ಹೇಳುವ ಕಥೆಗಳಿಂದ ನೋವು ಹಗುರಾಗುವುದೆಂಬ ಮಾತೂ ಇದೆ. ಚರಕಸಂಹಿತೆಯ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಆತುರಾಲಯದ ಸಿದ್ಧತೆಯನ್ನು ವರ್ಣಿಸುವಾಗ ಒರಳು, ಒನಕೆ, ಹಾಸಿಗೆ, ಔಷಧಗಳ ಸಾಲಿನಲ್ಲಿಯೇ ಗೀತವಾದ್ಯಗಳನ್ನು ಬಲ್ಲವರೂ, ಆಖ್ಯಾಯಿಕೆ ಇತಿಹಾಸ ಪುರಾಣಗಳಲ್ಲಿ ಕುಶಲರೂ ಇರಬೇಕೆಂದು ಹೇಳಿದೆ. ಕಥೆ ಹೇಳುವವನು ಆಸ್ಪತ್ರೆಯ ಸಾಮಗ್ರಿಗಳಲ್ಲಿ ಒಬ್ಬ! ಲೋಲಿಂಬರಾಜನು 'ವೈದ್ಯಜೀವನ'ದಲ್ಲಿ ಔಷಧಯೋಗಗಳನ್ನು ಪತ್ನಿಯನ್ನು ಸಂಬೋಧಿಸುವ ಸರಸಶ್ಲೋಕಗಳಲ್ಲಿ ಹೇಳಿದನು, ಅದೇ ಕೈಯಿಂದ 'ಹರಿವಿಲಾಸ'ಕಾವ್ಯವನ್ನೂ ಬರೆದನು. ಕನ್ನಡದಲ್ಲಿ 14ನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು 'ಖಗೇಂದ್ರಮಣಿದರ್ಪಣ'ವೆಂಬ ಪದ್ಯಗ್ರಂಥವಾಗಿ ರಚಿಸಿದನು. ಇವರಿಗೆ ಯಾರೂ 'ಆಮೇಲೆ' ಎಂದಿರಲಿಲ್ಲ.

ದೂರ ಹೋಗುವುದೇಕೆ, ಶ್ರೀರಂಗಪಟ್ಟಣದ ಕೋಟೆಯೊಳಗೇ ಸಾಕ್ಷ್ಯವಿತ್ತು. 1799ರಲ್ಲಿ ಟಿಪ್ಪುವಿನ ಪತನಾನಂತರ ಆಂಗ್ಲರ ವಶವಾದ ಅವನ ಗ್ರಂಥಭಂಡಾರದಲ್ಲಿ ಸುಮಾರು ಎರಡು ಸಾವಿರ ಹಸ್ತಪ್ರತಿಗಳಿದ್ದುವು. ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಪ್ರಕಟಿಸಿದ ಅದರ ವಿವರಪಟ್ಟಿಯಲ್ಲಿ ವೈದ್ಯವೂ ಒಂದು ವಿಭಾಗ, ಕಾವ್ಯವೂ ಒಂದು ವಿಭಾಗ, ಕಥೆಗಳೂ ಒಂದು ವಿಭಾಗ. ಯುದ್ಧದಲ್ಲಿ ಮುಳುಗಿದ್ದ ಅರಮನೆಯಲ್ಲಿ ಮೂರಕ್ಕೂ ಸ್ಥಳವಿತ್ತು. ಈಗಿನ ಎರಡಂತಸ್ತಿನ ಮನೆಯಲ್ಲಿ ಸ್ಥಳ ಸಾಲದು! ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಹೊಸಗನ್ನಡದ ಆಚಾರ್ಯರಾದ ಬಿ.ಎಂ. ಶ್ರೀಕಂಠಯ್ಯನವರ ಮನೆತನದ ಊರು. ಆ ಬೆಳ್ಳೂರಿನ ಬಳಿಯಲ್ಲಿಯೇ 1986ರಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಕನ್ನಡವೂ ವೈದ್ಯವೂ ಒಂದೇ ಹೋಬಳಿಯ ಮಣ್ಣಿನಲ್ಲಿ ನಿಂತಿರಲು, ಒಂದೇ ಮನೆಯಲ್ಲಿ ಅವೆರಡಕ್ಕೂ ಹೊಂದಿಕೆಯಾಗದೆಂಬುದು ಸೋಜಿಗ.

ಹೊಸ ಕಾಲದಲ್ಲಿ ಇಷ್ಟು ಬಿಡುವು ಎಲ್ಲಿದೆ ಎಂದು ಕೇಳುವವರು ಡಾ. ಎಂ. ಶಿವರಾಂ ಅವರನ್ನು ನೆನೆಯಲಿ. ಬೆಂಗಳೂರಿನಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತ, 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತ, 1942ರಲ್ಲಿ 'ಕೊರವಂಜಿ'ಯನ್ನು ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದವರು ಅವರು. ಡಾ. ಅನುಪಮಾ ನಿರಂಜನರು (1934-1991) ಹೆಂಗಸರ ಚಿಕಿತ್ಸೆಯನ್ನೂ ಹೆಂಗಸರ ಕಾದಂಬರಿಯನ್ನೂ ಒಟ್ಟಿಗೆ ನಿರ್ವಹಿಸಿದರು. ಬಾಣಂತಿಗೆ 'ತಾಯಿ-ಮಗು' ಕೊಟ್ಟ ಕೈಯೇ ಮಕ್ಕಳಿಗೆ 'ದಿನಕ್ಕೊಂದು ಕಥೆ'ಯನ್ನು ಕೊಟ್ಟಿತು. ಆದರೆ ಇಂತಹವರ ಹೆಸರನ್ನು ಹೇಳಿದರೆ ವಾದವು ಅರ್ಧ ಮಾತ್ರ ಗೆದ್ದಂತೆ. ಅವರು ಅಸಾಧಾರಣರು ಎಂದು ಗೃಹಸ್ಥರು ಸುಲಭವಾಗಿ ನುಣುಚಿಕೊಳ್ಳುತ್ತಾರೆ. ಇಲ್ಲಿ ವಿಚಾರಕ್ಕೆ ಬಂದಿರುವುದು ಒಂದು ಸಾಲನ್ನೂ ಬರೆಯದೆ, ಕೇವಲ ಓದಬಯಸುವ ಸಾಮಾನ್ಯ ವೈದ್ಯನ ಸಂಗತಿ.

ಅವನ ವಿರುದ್ಧ ಎತ್ತಬಹುದಾದ ಅತ್ಯಂತ ಬಲವಾದ ಆಕ್ಷೇಪವನ್ನು ಪೂರ್ವಪಕ್ಷದವರು ಎತ್ತಿಯೇ ಇಲ್ಲ. ಅದನ್ನು ಎತ್ತಿದವನು ರಷ್ಯಾದೇಶದ ವೈದ್ಯ ಚೆಕಾಫ್. ಅವನ 'ಆರನೆಯ ನಂಬರಿನ ವಾರ್ಡು' ಎಂಬ ಕಥೆ 1892ರಲ್ಲಿ ಪ್ರಕಟವಾಯಿತು. ಅದರೊಳಗಿನ ರಾಗಿನ್ ಎಂಬ ಸಣ್ಣ ಊರಿನ ವೈದ್ಯನು ಸಂಬಳದ ಅರ್ಧವನ್ನು ಪುಸ್ತಕಗಳಿಗೆ ಸುರಿಯುತ್ತಾನೆ. ಮನೆಯ ಕೋಣೆಗಳು ಪುಸ್ತಕಗಳಿಂದ ತುಂಬಿವೆ. ಆಸ್ಪತ್ರೆಯಾದರೋ ಹೊಲಸಿನ ಬೀಡು. ಹುಚ್ಚರ ವಾರ್ಡಿನಲ್ಲಿ ಕಾವಲುಗಾರನು ರೋಗಿಗಳನ್ನು ಹೊಡೆಯುತ್ತಾನೆ. ರಾಗಿನ್ ಓದುತ್ತಲೇ ಇರುತ್ತಾನೆ, ನೋವೆಂಬುದು ಮನಸ್ಸಿನ ಕಲ್ಪನೆಯೆಂದು ತತ್ತ್ವ ಹೇಳುತ್ತಾನೆ. ಕಡೆಗೆ ತಾನೇ ಆ ವಾರ್ಡಿನಲ್ಲಿ ಬಂದಿಯಾಗಿ, ಅದೇ ಕಾವಲುಗಾರನ ಮುಷ್ಟಿಯಿಂದ ನೋವಿನ ಅರ್ಥವನ್ನು ತಿಳಿದು ಸಾಯುತ್ತಾನೆ. ಓದು ವೈದ್ಯನನ್ನು ಕೆಡಿಸಬಲ್ಲುದೆ? ಕೆಡಿಸಬಲ್ಲುದು. ರೋಗಿ ಹೊರಗೆ ಕಾಯುತ್ತಿರಲು ಒಳಗೆ ಪುಸ್ತಕ ಹಿಡಿದು ಕುಳಿತವನು ಎಷ್ಟೇ ರಸಿಕನಾಗಲಿ ಅಪರಾಧಿಯೇ ಸರಿ, ಅವನ ಪರವಾಗಿ ವಾದಿಸುವವರಾರೂ ಇಲ್ಲ. ಆದರೆ ರಾಗಿನ್ನನು ಓದುತ್ತಿದ್ದುದು ಹೆಚ್ಚಾಗಿ ಇತಿಹಾಸವನ್ನೂ ತತ್ತ್ವಶಾಸ್ತ್ರವನ್ನೂ ಎಂಬುದನ್ನು ಗಮನಿಸಬೇಕು. ಅವನ ವ್ಯಾಧಿಯನ್ನು ಕಂಡುಹಿಡಿದದ್ದು ಯಾವ ವೈದ್ಯಗ್ರಂಥ? ಒಂದು ಕಥೆ. ಆ ಕಥೆಯನ್ನು ಬರೆದವನು ಏನು ಮಾಡಿದನು? ಅದೇ 1892ರಲ್ಲಿ ಅವನಿದ್ದ ಮೆಲಿಖೋವೊ ಗ್ರಾಮದ ಕಡೆಗೆ ಕಾಲರಾ ಬರುವ ಭಯವುಂಟಾಗಲು, ಸುತ್ತಣ ಇಪ್ಪತ್ತಕ್ಕೂ ಮಿಕ್ಕ ಹಳ್ಳಿಗಳ ಹೊಣೆಯನ್ನು ವೇತನವಿಲ್ಲದೆ ಹೊತ್ತನು. ಕಾಲರಾದ ದಿನಗಳಲ್ಲಿ ಲೇಖನಿ ಕೆಳಗಿಳಿಯಿತು. ಎರಡನ್ನೂ ತೂಗಿಸಿಕೊಂಡು ಹೋಗುವುದೆಂದರೆ ಇದೇ: ಯಾವ ಹೊತ್ತಿಗೆ ಯಾವುದನ್ನು ಕೆಳಗಿಡಬೇಕೆಂಬುದನ್ನು ಬಲ್ಲವನು ಎರಡನ್ನೂ ಹಿಡಿಯಲು ಅರ್ಹನು.

ಇನ್ನು ಕಥೆಯಿಂದ ವೈದ್ಯನಿಗೆ ಪ್ರಯೋಜನವೇನು? ಈ ತಾಲ್ಲೂಕುಗಳ ಆಸ್ಪತ್ರೆಗೆ ಬರುವ ಮುದುಕಿಯು ರೋಗಲಕ್ಷಣವನ್ನು ಪುಸ್ತಕದ ಕ್ರಮದಲ್ಲಿ ಹೇಳುವುದಿಲ್ಲ. "ಜೀವವೇ ಸರಿಯಿಲ್ಲ ಕನಪ್ಪ" ಎನ್ನುತ್ತಾಳೆ. ಸೊಸೆಯ ಮಾತಿನಿಂದ ಆರಂಭಿಸುತ್ತಾಳೆ, ಹೋದ ವರ್ಷ ಸತ್ತ ಹಸುವಿಗೆ ಹೋಗುತ್ತಾಳೆ, ಎದೆನೋವು ಕಡೆಗೆ ಬರುತ್ತದೆ. ಕಥೆಯನ್ನು ಓದಿ ಅಭ್ಯಾಸವಿರುವವನು ಯಾವ ಮಾತು ಅಡ್ಡಮಾತು, ಯಾವುದು ಮುಖ್ಯವೆಂದು ಕಾದು ನೋಡಬಲ್ಲನು. ಅಭ್ಯಾಸವಿಲ್ಲದವನು ಎರಡನೆಯ ವಾಕ್ಯದಲ್ಲಿಯೇ ತಡೆದು ಇ.ಸಿ.ಜಿ.ಗೋ ರಕ್ತಪರೀಕ್ಷೆಗೋ ಚೀಟಿ ಬರೆಯುತ್ತಾನೆ. 2015ರಲ್ಲಿ ಕಬ್ಬಿನ ಬಾಕಿ ಬಾರದೆ, ಸಾಲ ತೀರಿಸಲಾರದೆ ಈ ಜಿಲ್ಲೆಯ ರೈತರು ಪ್ರಾಣ ಕಳೆದುಕೊಂಡ ವಾರ್ತೆಗಳು ಮೇಲಿಂದ ಮೇಲೆ ಬಂದುವು. ಕೀಟನಾಶಕವನ್ನು ಕುಡಿದವನಿಗೆ ಅಟ್ರೋಪಿನ್ ಎಷ್ಟು ಕೊಡಬೇಕೆಂಬುದನ್ನು ಶಾಸ್ತ್ರ ಹೇಳುತ್ತದೆ, ಹೇಳಲೇಬೇಕು. ಬದುಕಿ ಎದ್ದ ಆ ರೈತನು ಯಾವ ಮನೆಗೆ, ಯಾವ ಮೋರೆಯೊಡನೆ ಹಿಂತಿರುಗುವನೆಂಬುದನ್ನು ಶಾಸ್ತ್ರ ಹೇಳುವುದಿಲ್ಲ. ತ್ರಿವೇಣಿಯವರ 'ಶರಪಂಜರ'ದಲ್ಲಿ ಕಾವೇರಿಯ ಬುದ್ಧಿಭ್ರಮಣೆ ಆಸ್ಪತ್ರೆಯಲ್ಲಿ ಗುಣವಾಗುತ್ತದೆ. ಗುಣವಾದವಳನ್ನು ಮನೆ ಒಪ್ಪಿಕೊಳ್ಳುವುದಿಲ್ಲ. ಆಸ್ಪತ್ರೆಯ ಕಾಗದಪತ್ರ ಅವಳು ಗುಣವಾಗಿ ಹೋದಳೆಂಬಲ್ಲಿಗೆ ಮುಗಿಯುತ್ತದೆ. ಕಾದಂಬರಿಯ ದುಃಖ ಅಲ್ಲಿಂದ ಮುಂದಿನದು. ಅದನ್ನೋದಿದ ವೈದ್ಯನು ರೋಗಿಯನ್ನು ಕಳುಹಿಸುವಾಗ ಅವಳ ಗಂಡನನ್ನೂ ಕರೆದು ಎರಡು ಮಾತು ಹೇಳದಿರಲಾರನು.

ಹಾಗೆಂದು, ಕಾದಂಬರಿಯನ್ನೋದಿದವರೆಲ್ಲ ಸತ್ಪುರುಷರಾಗುವರೆಂಬ ಹುಚ್ಚು ಪ್ರತಿಜ್ಞೆಯನ್ನು ಯಾರೂ ಮಾಡಬೇಕಾದುದಿಲ್ಲ. 2023ರ ನವೆಂಬರಿನಲ್ಲಿ ಈ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗಪತ್ತೆ ನಡೆಯುತ್ತಿದ್ದುದು ಬಯಲಾಗಿ ನಾಡೆಲ್ಲ ತಲೆತಗ್ಗಿಸಿತು. ಅಂತಹ ಪಾಪಕ್ಕೆ ಮದ್ದು ಕಾನೂನು, ಗ್ರಂಥಾಲಯವಲ್ಲ. ಶಾಸ್ತ್ರವು ಪ್ರಭುವಿನಂತೆ ಆಜ್ಞಾಪಿಸುವುದು, ಕಾವ್ಯವು ಕಾಂತೆಯಂತೆ ಒಲಿಸಿ ಹೇಳುವುದು ಎಂದು ಆಲಂಕಾರಿಕರು ವಿಭಾಗಿಸಿರುವುದು ಸುಮ್ಮನಲ್ಲ. ಆಜ್ಞೆ ಬೇಕಾದೆಡೆಯಲ್ಲಿ ಒಲಿಸುವಿಕೆ ಸಾಲದು. ಅದೇ ನ್ಯಾಯದಿಂದ, ಒಲಿಸುವಿಕೆ ಬೇಕಾದೆಡೆಯಲ್ಲಿ ಆಜ್ಞೆಯೂ ಸಾಲದು. ಮತ್ತೊಂದು ಮಾತು. ಕಾದಂಬರಿಯನ್ನು ಟಾನಿಕ್ಕಿನಂತೆ ದಿನಕ್ಕೆರಡು ಚಮಚ ಕುಡಿಸಹೊರಡುವ ಹೊಸ ಸುಧಾರಕರೂ ಹೊರಟಿದ್ದಾರೆ. ವೈದ್ಯನು ಓದಬೇಕಾದುದು ತನಗೆ ರುಚಿಸುವುದರಿಂದ. ಪ್ರಯೋಜನವು ತಾನಾಗಿಯೇ ಬರುತ್ತದೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಈ ಒಂದು ವಿಷಯದಲ್ಲಿ ವೈದ್ಯನಿಗೇ ಅನ್ವಯಿಸುತ್ತದೆ.

ಕಾಲವೆಲ್ಲಿದೆ ಎಂಬುದೊಂದು ಉಳಿಯಿತು. ಪ್ರಸಿದ್ಧ ವೈದ್ಯಾಚಾರ್ಯ ವಿಲಿಯಂ ಆಸ್ಲರ್ ತನ್ನ ವಿದ್ಯಾರ್ಥಿಗಳಿಗೆ ಮಲಗುವ ಮುನ್ನ ಅರ್ಧ ಗಂಟೆ ಓದಬೇಕೆಂದು ವಿಧಿಸಿ, ದಿಂಬಿನ ಬಳಿ ಇಡತಕ್ಕ ಪುಸ್ತಕಗಳ ಪಟ್ಟಿಯನ್ನೇ ಕೊಟ್ಟಿದ್ದನು. 'ಡಾನ್ ಕ್ವಿಕ್ಸಾಟ್' ಅದರಲ್ಲೊಂದು. ಈ ಅರ್ಧ ಗಂಟೆ ಈಗಿನ ವೈದ್ಯವಿದ್ಯಾರ್ಥಿಗಿಲ್ಲವೆಂಬುದು ಸುಳ್ಳು. ಅದು ಇದೆ, ಮೊಬೈಲಿನ ಪಾಲಾಗಿದೆ. ತಾಯಿತಂದೆಗಳು ಕಾದಂಬರಿಯನ್ನು ಕಸಿದುಕೊಂಡ ಕೈಯಿಂದಲೇ ಮೊಬೈಲನ್ನು ಕೊಡಿಸಿದ್ದಾರೆ, ಪಾಠಕ್ಕೆ ಬೇಕೆಂಬ ನೆಪದಿಂದ.

ಪುಸ್ತಕಕ್ಕೆ ದುಡ್ಡಿಲ್ಲವೆಂಬ ಮಾತೂ ನಿಲ್ಲುವುದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಪಟ್ಟಣದ ಮನೆಯವರು ಪ್ರತಿವರ್ಷವೂ ಸಲ್ಲಿಸುತ್ತಿದ್ದಾರೆ. ಅದರ ರಸೀತಿ ಮನೆಯಲ್ಲಿಯೇ ಇದೆ. ಮುಂದಿನ ಬೇಸಿಗೆಯಲ್ಲಿ ನೀಟ್ ಬರೆದು ಬಂದ ಮಗುವನ್ನು ಕರೆದುಕೊಂಡು, ಫಲಿತಾಂಶಕ್ಕೆ ಕಾಯದೆ, ಆ ವಾರವೇ ಊರಿನ ಗ್ರಂಥಾಲಯಕ್ಕೆ ಹೋಗಿ ಅದರ ಹೆಸರಿನಲ್ಲಿ ಸದಸ್ಯತ್ವವನ್ನು ಮಾಡಿಸಬಹುದು.